ನಿಂತ ತೊನ್ನಿಗೆ ಯಾವ ಚರ್ಮದ ಕಸಿ ಚಲೋ?

"ಸಿಸ್ಟರ್, ಯಾವ ಆಪರೇಶನ್ ಚಲೋ ಐತ್ರಿ?" ಮೈನರ್ ಓಟಿಯ, ಅಂದರೆ ಸಣ್ಣ ಆಪರೇಶನ್ ಕೋಣೆಯ, ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ತೊನ್ನಿನವರಿಂದ ಈ ಪ್ರಶ್ನೆ ಬರುತ್ತದೆ. ಹುಬ್ಬಳ್ಳಿಯಲ್ಲಿ ಚರ್ಮದ ಡಾಕ್ಟರರ ಪಕ್ಕದಲ್ಲಿ 14 ವರ್ಷ ಟ್ರೇ ಹಿಡಿದು ನಿಂತವಳು ನಾನು. ರೋಣ, ಸವಣೂರು, ಬ್ಯಾಡಗಿ, ಕಲಘಟಗಿ, ಎಲ್ಲಿಂದ ಬಂದವರೂ ಇದನ್ನೇ ಕೇಳಿದ್ದಾರೆ. ನಾನೂ ಪ್ರತಿ ಸಲ ಒಂದೇ ಮಾತು ತಿರುಗಿ ಕೇಳುತ್ತೇನೆ: "ಎಲ್ಲೈತಿ, ಎಷ್ಟೈತಿ, ಮೊದಲ ತೋರಸ್ರಿ."

ತಪ್ಪಿಸಿಕೊಳ್ಳಲು ಹೇಳುವ ಮಾತಲ್ಲ ಅದು. ತುಟಿಯ ಮೇಲಿನ ಕಡಲೆಕಾಳಿನಷ್ಟು ಬಿಳುಪಿಗೆ ಒಪ್ಪುವ ವಿಧಾನ ಬೆನ್ನ ಮೇಲಿನ ಅಂಗೈಯಗಲದ ಕಲೆಗೆ ಒಪ್ಪುವುದಿಲ್ಲ. ಅಂಗಾಲಿಗೆ ನಡೆಯುವುದು ಕಣ್ರೆಪ್ಪೆಗೆ ನಡೆಯುವುದಿಲ್ಲ. ಪಕ್ಕದ ಮನೆಯವರಿಗೆ ಯಾವುದು ಹತ್ತಿತು, ಜಾಹೀರಾತಿನಲ್ಲಿ ಯಾವುದು ದೊಡ್ಡ ಅಕ್ಷರದಲ್ಲಿದೆ ಎಂದು ನೋಡಿ ಆರಿಸಿದವರು ಆಮೇಲೆ ಪೇಚಾಡಿದ್ದನ್ನು ನೋಡಿದ್ದೇನೆ. ಹಾಗಾಗಿ ಇಲ್ಲಿ ವಿಧಾನದ ಹೆಸರಿನಿಂದ ಶುರು ಮಾಡದೆ ಮೈಮೇಲಿನ ಜಾಗದಿಂದ ಶುರು ಮಾಡುತ್ತೇನೆ.

ಜಾಗಕ್ಕೆ ಇಷ್ಟು ಮಹತ್ವ ಯಾಕೆಂದರೆ, ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಎಂಬ ಜೀವಕೋಶಗಳನ್ನು ತೊನ್ನಿನಲ್ಲಿ ನಮ್ಮದೇ ದೇಹದ ರೋಗನಿರೋಧಕ ವ್ಯವಸ್ಥೆ ಕೊಲ್ಲುತ್ತದೆ. ಆದರೂ ಕೂದಲ ಬುಡದಲ್ಲಿ ಒಂದಿಷ್ಟು ಉಳಿದಿರುತ್ತವೆ. ಮುಲಾಮು ಹಚ್ಚಿದಾಗ, ಬೆಳಕಿನ ಚಿಕಿತ್ಸೆ ತೆಗೆದುಕೊಂಡಾಗ ಬಣ್ಣ ಹೆಚ್ಚಾಗಿ ಮರಳುವುದು ಆ ಬುಡಗಳಿಂದಲೇ, ಚುಕ್ಕಿ ಚುಕ್ಕಿಯಾಗಿ. ತುಟಿ, ಅಂಗೈ, ಬೆರಳ ತುದಿಗಳಲ್ಲಿ ಕೂದಲೇ ಇಲ್ಲ. ಹುಬ್ಬಿನ ಕೂದಲೂ ಬೆಳ್ಳಗಾಗಿದ್ದರೆ ಅಲ್ಲಿಯ ದಾಸ್ತಾನೂ ಖಾಲಿಯಾದಂತೆ. ಅಂಥ ಕಡೆ ಬಣ್ಣದ ಕೋಶವಿರುವ ಚರ್ಮವನ್ನು ಮೈಯ ಬೇರೆ ಭಾಗದಿಂದ ತಂದು ನೆಡಬೇಕಾಗುತ್ತದೆ. ಅದೇ ಕಸಿ.

ಇನ್ನೊಂದು ಮಾತು. ತೊನ್ನು ಎಂಬ ಶಬ್ದವನ್ನು ನಮ್ಮ ಕಡೆ ಬೈಗುಳದಂತೆ ಬಳಸುವವರಿದ್ದಾರೆ. 'ಬಿಳಿ ಕುಷ್ಠ' ಅನ್ನುವವರೂ ಇದ್ದಾರೆ. ಕುಷ್ಠಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ಅಂಟುವುದೂ ಇಲ್ಲ. ಜನ ಹೇಳುವ ಹೆಸರು ಅದೇ ಆದ್ದರಿಂದ ನಾನೂ ಅದನ್ನೇ ಬರೆಯುತ್ತಿದ್ದೇನೆ, ಬೈಗುಳ ಬಿಟ್ಟು.

ಮೊದಲು ನಿಂತಿದೆಯೇ ನೋಡಿ

ಯಾವ ಕಸಿಯೂ ರೋಗವನ್ನು ನಿಲ್ಲಿಸುವುದಿಲ್ಲ. ರೋಗ ತಾನಾಗಿಯೋ ಔಷಧದಿಂದಲೋ ನಿಂತ ಮೇಲೆ ಖಾಲಿ ಬಿದ್ದ ಜಾಗವನ್ನು ತುಂಬುವುದಷ್ಟೇ ಅದರ ಕೆಲಸ. ಭಾರತೀಯ ಚರ್ಮತಜ್ಞರ ಸಂಘದ ಕಾರ್ಯಪಡೆ 2008ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ಕನಿಷ್ಠ 1 ವರ್ಷ ಹೊಸ ಕಲೆ ಬಂದಿರಬಾರದು, ಹಳೆಯದು ಹಿಗ್ಗಿರಬಾರದು, ತರಚಿದ ಸುಟ್ಟ ಗಾಯಗಳ ಮೇಲೆ ಬಿಳುಪು ಮೂಡಿರಬಾರದು. ಈ ಮೂರನೆಯದಕ್ಕೆ ಡಾಕ್ಟರರು ಕೋಬ್ನರ್ ಲಕ್ಷಣ ಎನ್ನುತ್ತಾರೆ. ನಮ್ಮ ಹೆಣ್ಣುಮಕ್ಕಳಲ್ಲಿ ಇದನ್ನು ಹುಡುಕಬೇಕಾದ್ದು ಸೊಂಟದಲ್ಲಿ, ಪರಕಾರದ ಲಾಡಿ ಬಿಗಿಯುವ ಕಡೆ. ಗಂಡಸರಲ್ಲಿ ಉಡದಾರದ ಗುಂಟ. ಅಲ್ಲಿ ಬಿಳೇ ಗೆರೆ ಎದ್ದಿದ್ದರೆ ತಿಕ್ಕಾಟಕ್ಕೇ ಚರ್ಮ ಬಣ್ಣ ಬಿಡುತ್ತಿದೆ ಎಂದರ್ಥ. ಅಂಥ ಚರ್ಮಕ್ಕೆ ಚಾಕು ಹಚ್ಚಿದರೆ?

ಏನಾಗುತ್ತದೆ ಎಂದು ಒಬ್ಬ ಹುಡುಗನ ಮೇಲೆ ನೋಡಿದೆ. ಗದಗ ಕಡೆಯವನು, ಬೇರೆ ಊರಿನ ಒಂದು ಕ್ಲಿನಿಕ್ಕಿನಲ್ಲಿ ಮೊಣಕಾಲ ಕೆಳಗಿನ ಕಲೆಗೆ, ಚುಕ್ಕಿ ಚುಕ್ಕಿಯಾಗಿ ಚರ್ಮ ನೆಡುವ ಪಂಚ್ ಕಸಿ ಮಾಡಿಸಿಕೊಂಡು ಬಂದಿದ್ದ. ಕಲೆ ಸುಮ್ಮನಿದ್ದು ನಾಲ್ಕೇ ತಿಂಗಳಾಗಿತ್ತಂತೆ, ಯಾರೂ ಕೇಳಿರಲಿಲ್ಲ. ನೆಟ್ಟ ಚುಕ್ಕಿಗಳು ಬಿಳಿಚಿಕೊಂಡವು, ಅದು ಹೋಗಲಿ. ಚರ್ಮ ತೆಗೆದ ತೊಡೆಯ ಮೇಲೂ ಸಾಲಾಗಿ ಬಿಳೇ ಚುಕ್ಕಿ ಎದ್ದಿದ್ದವು. "ಮಶೀನ್ ಹೊಲಿಗಿ ಹಾಕಿದಂಗ ಆಗೇತ್ರಿ" ಎಂದು ಪ್ಯಾಂಟ್ ಸರಿಸಿ ತೋರಿಸಿದ. ಒಂದು ಕಲೆ ಮುಚ್ಚಲು ಹೋದವನಿಗೆ ಎರಡು ಜಾಗ ಬೆಳ್ಳಗಾಗಿದ್ದವು.

ಅನುಮಾನವಿದ್ದರೆ ಪರೀಕ್ಷೆ ಕಸಿ ಎಂಬ ದಾರಿಯಿದೆ. ಕೊಲಂಬಿಯಾದ ರಫಾಯೆಲ್ ಫಲಬೆಲ್ಲಾ ಎಂಬ ಚರ್ಮತಜ್ಞ ಬಳಕೆಗೆ ತಂದದ್ದು. ಕಲೆಯ ನಡುವೆ ನಾಲ್ಕೈದು ಸಣ್ಣ ಚುಕ್ಕಿ ನೆಟ್ಟು 3 ತಿಂಗಳು ಕಾಯುವುದು. ಸುತ್ತ ಬಣ್ಣ ಹರಡಿದರೆ, ಚರ್ಮ ತೆಗೆದ ಜಾಗವೂ ಬೆಳ್ಳಗಾಗದಿದ್ದರೆ ಮುಂದುವರಿಯಬಹುದು. 3 ತಿಂಗಳು ವ್ಯರ್ಥ ಎಂದು ಗೊಣಗುವವರಿಗೆ ನಾನು ಆ ಹುಡುಗನ ತೊಡೆಯ ಕತೆ ಹೇಳುತ್ತೇನೆ.

ಫೋನ್ ಇಟ್ಟುಕೊಂಡವರು ಎರಡು ತಿಂಗಳಿಗೊಮ್ಮೆ ಅದೇ ಬೆಳಕಿನಲ್ಲಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಹಿಡಿದು ಫೋಟೋ ತೆಗೆದಿಡಿ. "ಬೆಳದಿಲ್ರೀ" ಎಂದು ಬಾಯಲ್ಲಿ ಹೇಳಿದ್ದಕ್ಕಿಂತ ಅದು ಹೆಚ್ಚು ಮಾತಾಡುತ್ತದೆ. ಕಲೆಯ ಅಂಚಿನಾಚೆ ಹಿಟ್ಟು ಚೆಲ್ಲಿದ ಹಾಗೆ ಸಣ್ಣ ಸಣ್ಣ ಚುಕ್ಕಿಗಳಿದ್ದರೆ, ಅಂಚು ಮಸುಕಾಗಿದ್ದರೆ ರೋಗ ಇನ್ನೂ ನಡೆಯುತ್ತಿದೆ. ಮೈಯ ಒಂದೇ ಬದಿಗೆ ಪಟ್ಟಿಯಂತೆ ಬರುವ ತೊನ್ನು ಮಾತ್ರ ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ಬೆಳೆದು ನಿಂತುಬಿಡುತ್ತದೆ. ಕಸಿಗೆ ಎಲ್ಲಕ್ಕಿಂತ ಚಲೋ ಒಲಿಯುವುದೂ ಅದೇ.

ಹಣೆಯ ನಡುವೆ ಟಿಕಳಿ ಹಚ್ಚುವ ಜಾಗದಲ್ಲೇ ದುಂಡಗೆ ಬಿಳುಪಾಗಿದ್ದರೆ, ಪಾದದ ಮೇಲೆ ರಬ್ಬರ್ ಚಪ್ಪಲಿಯ ಪಟ್ಟಿಯ ಆಕಾರದಲ್ಲೇ ಬಿಳುಪಾಗಿದ್ದರೆ ಕಸಿಯ ಮಾತು ಆಮೇಲೆ. ಅಂಟಿನಲ್ಲಿರುವ, ರಬ್ಬರಿನಲ್ಲಿರುವ ರಾಸಾಯನಿಕಗಳು ಬಣ್ಣದ ಕೋಶಗಳನ್ನು ಕೊಲ್ಲುವುದುಂಟು. ಮೊದಲು ಟಿಕಳಿ ಬಿಟ್ಟು ಕುಂಕುಮ ಹಚ್ಚಿ, ಚಪ್ಪಲಿ ಬದಲಿಸಿ, ಡಾಕ್ಟರರಿಗೆ ತೋರಿಸಿ.

ತುಟಿ ಮತ್ತು ಕಣ್ರೆಪ್ಪೆ: ಗುಳ್ಳೆ ಕಸಿ

ತುಟಿಗೆ, ಕಣ್ರೆಪ್ಪೆಗೆ ನನ್ನ ಮತ ಗುಳ್ಳೆ ಕಸಿಗೆ. ಸಕ್ಷನ್ ಬ್ಲಿಸ್ಟರ್ ಎನ್ನುತ್ತಾರೆ. ಚರ್ಮವನ್ನು ಗಾಳಿ ಎಳೆದು ಗುಳ್ಳೆಯೆಬ್ಬಿಸುವ ಉಪಾಯವನ್ನು ಫಿನ್‌ಲ್ಯಾಂಡಿನ ಕೀಸ್ಟಲಾ 1964ರಲ್ಲಿ ತೋರಿಸಿಕೊಟ್ಟರು. ಅದನ್ನು ಬಿಳಿ ಕಲೆಗೆ ತಂದವರು ಮತ್ತೆ ಆ ಫಲಬೆಲ್ಲಾ ಅವರೇ, 1971ರಲ್ಲಿ.

ಇದಕ್ಕೆ ದೊಡ್ಡ ಯಂತ್ರ ಬೇಡ. 10 ಮಿ.ಲೀ. ಸಿರಿಂಜಿನ ಒಳಕಡ್ಡಿ ತೆಗೆದು ಅದರ ಅಗಲ ಬಾಯನ್ನು ತೊಡೆಗೋ ಹೊಟ್ಟೆಗೋ ಒತ್ತಿ ಹಿಡಿಯುವುದು. ಸೂಜಿ ಸಿಕ್ಕಿಸುವ ತುದಿಗೆ ಮೂರು ದಾರಿಯ ಕೊಳಾಯಿ ಜೋಡಿಸಿ, 50 ಮಿ.ಲೀ. ಸಿರಿಂಜಿನಿಂದ ಗಾಳಿ ಎಳೆದು ಕೊಳಾಯಿ ಮುಚ್ಚುವುದು. ಆಮೇಲೆ ಕಾಯುವುದು. ಮೊದಲರ್ಧ ತಾಸು ಏನೂ ಕಾಣುವುದಿಲ್ಲ, ಚರ್ಮ ಕೆಂಪಗೆ ಉಬ್ಬಿರುತ್ತದೆ ಅಷ್ಟೇ. ನಂತರ ಬೆವರ ಹನಿಯಂಥ ಪುಟ್ಟ ಗುಳ್ಳೆಗಳು ಅಲ್ಲೊಂದು ಇಲ್ಲೊಂದು ಮೂಡುತ್ತವೆ, ಒಂದಕ್ಕೊಂದು ಕೂಡುತ್ತವೆ, ಒಂದೂವರೆಯಿಂದ ಮೂರು ತಾಸಿನೊಳಗೆ ಸಿರಿಂಜಿನ ಬಾಯಗಲಕ್ಕೆ ಒಂದೇ ತಿಳಿಗುಳ್ಳೆ ನಿಲ್ಲುತ್ತದೆ. ಒಳಗೆ ತಿಳಿ ನೀರು. ಚಳಿಗಾಲದಲ್ಲಿ ತಡವಾಗುತ್ತದೆ, ಬೆಚ್ಚಗಿಟ್ಟರೆ ಬೇಗ. ನಮ್ಮಲ್ಲಿ ಈ ಹೊತ್ತಿಗೆ ರೋಗಿಗಳು ಮೊಬೈಲಿನಲ್ಲಿ ಒಂದು ಸಿನೆಮಾ ಮುಗಿಸಿರುತ್ತಾರೆ.

ಗುಳ್ಳೆಯ ಮೇಲ್ಹೊದಿಕೆಯೇ ಕಸಿ. ಅದರಲ್ಲಿರುವುದು ಚರ್ಮದ ಮೇಲುಪದರ ಮಾತ್ರ. ಡಾಕ್ಟರರು ಸಣ್ಣ ಕತ್ತರಿಯಲ್ಲಿ ಸುತ್ತ ಕತ್ತರಿಸಿ ಗಾಜಿನ ಸ್ಲೈಡಿನ ಮೇಲೆ ಮಗುಚಿ ಹರಡುತ್ತಾರೆ. ಒದ್ದೆ ಈರುಳ್ಳಿ ಪೊರೆಯ ಹಾಗಿರುತ್ತದೆ, ಅಂಚು ಸುರುಳಿ ಸುತ್ತಿಕೊಳ್ಳುತ್ತದೆ. ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ, ಸುರುಳಿ ಬಿಡಿಸುವಾಗ ಪೊರೆ ನನ್ನ ಕೈಯಲ್ಲಿ ತಿರುಗಿತು. ಯಾವುದು ಒಳಮೈ, ಯಾವುದು ಹೊರಮೈ ಗೊತ್ತಾಗಲಿಲ್ಲ. ಕೇಳಲು ಸಂಕೋಚವಾಯಿತು, ಹಾಗೇ ಕೊಟ್ಟೆ. ವಾರದ ನಂತರ ಪಟ್ಟಿ ಬಿಚ್ಚಿದಾಗ ಕಸಿ ಜಾರಿ ಬಂತು, ಕೆಳಗೆ ಒಂದು ಚುಕ್ಕಿ ಬಣ್ಣವಿರಲಿಲ್ಲ. ಆ ತಾಯಿ ಮತ್ತೊಮ್ಮೆ ಎರಡೂವರೆ ತಾಸು ಸಿರಿಂಜು ಅಂಟಿಸಿಕೊಂಡು ಕೂತರು. ಒಳಮೈ ಗಾಯಕ್ಕೆ ತಾಗಿದರಷ್ಟೇ ಕಸಿ ಹಿಡಿಯುತ್ತದೆ. ಅಂದಿನಿಂದ ನಾನು ಸ್ಲೈಡಿನ ಮೂಲೆಗೆ ಪೆನ್ನಿನಿಂದ ಗುರುತು ಹಾಕದೆ ಕೈಯಲ್ಲಿ ಹಿಡಿಯುವುದಿಲ್ಲ.

ತುಟಿಯ ಬಿಳಿ ಭಾಗವನ್ನು ತಿರುಗುವ ವಜ್ರದ ಉಜ್ಜುಗಲ್ಲಿನಿಂದಲೋ ಲೇಸರ್‌ನಿಂದಲೋ ಮೇಲುಮೇಲಕ್ಕೆ ಕೆರೆಯುತ್ತಾರೆ. ಸಾಸಿವೆಗಿಂತ ಸಣ್ಣ ರಕ್ತದ ಬಿಂದುಗಳು ಕಂಡೊಡನೆ ನಿಲ್ಲಿಸಿ ಪೊರೆ ಹೊದಿಸುತ್ತಾರೆ. ಮುಂದಿನ ಕೆಲವು ದಿನ ಸ್ಟ್ರಾದಲ್ಲಿ ಗಂಜಿ, ಮಜ್ಜಿಗೆ. ಮಾತು, ನಗು, ರೊಟ್ಟಿ ಬಂದ್. ತುಟಿಗೆ ಹಿಂದೆ ಹರ್ಪಿಸ್ ಎಂಬ ವೈರಸ್ ಸೋಂಕಿನ ಗುಳ್ಳೆ ಎದ್ದಿದ್ದರೆ ಮೊದಲೇ ಹೇಳಿ. ಕೆರೆದಾಗ ಅದು ಮತ್ತೆ ಏಳಬಹುದು, ಅದಕ್ಕೆ ಮುಂಚೆಯೇ ಮಾತ್ರೆ ಕೊಡುತ್ತಾರೆ. ಒಂದೆರಡು ವಾರಕ್ಕೆ ಪೊರೆ ಒಣಗಿ ಉದುರುತ್ತದೆ. "ಎಲ್ಲಾ ಬಿದ್ದು ಹೋತ್ರೀ" ಎಂದು ಅಳುತ್ತಾ ಫೋನ್ ಮಾಡುವವರು ಬಹಳ. ಬೀಳಲಿ. ಬಣ್ಣದ ಕೋಶಗಳು ಅಷ್ಟರೊಳಗೆ ಕೆಳಗಿಳಿದಿರುತ್ತವೆ.

ಇದರ ದೊಡ್ಡ ಲಾಭ ಚರ್ಮ ತೆಗೆದ ಕಡೆ ಗಾಯದ ಗುರುತು ಉಳಿಯದಿರುವುದು. ಕೆಲ ತಿಂಗಳು ಕಪ್ಪಗಿದ್ದು ಮಾಯುತ್ತದೆ. ಬಣ್ಣವೂ ಅಕ್ಕಪಕ್ಕಕ್ಕೆ ಹೊಂದುತ್ತದೆ, ಮೇಲ್ಮೈ ನಯವಾಗಿರುತ್ತದೆ. ನೆದರ್‌ಲ್ಯಾಂಡ್ಸಿನ ವೈದ್ಯರು 1998ರಲ್ಲಿ ಆವರೆಗಿನ ವರದಿಗಳನ್ನೆಲ್ಲ ಕೂಡಿಸಿ ನೋಡಿದಾಗ ಗುಳ್ಳೆ ಕಸಿಗೂ ತೆಳು ಚರ್ಮದ ಕಸಿಗೂ ಸರಾಸರಿ ಯಶಸ್ಸು 87% ಕಂಡಿತ್ತು. ಕೊರತೆ ಏನೆಂದರೆ ಒಂದು ಗುಳ್ಳೆಗೆ ಒಂದು ನಾಣ್ಯದಷ್ಟೇ ಚರ್ಮ. ಅಂಗೈಯಗಲದ ಕಲೆಗೆ ಎಷ್ಟು ಸಿರಿಂಜು ಅಂಟಿಸುತ್ತೀರಿ?

ಪಾದ, ಅಂಗೈ, ಅಲ್ಲೊಂದು ಇಲ್ಲೊಂದು ಉಳಿದ ಕಲೆ: ಪಂಚ್ ಕಸಿ

ಬ್ಯಾಡಗಿ ರೈತರಿಗೆ ಪಂಚ್ ಕಸಿಯನ್ನು ವಿವರಿಸುವುದು ಸುಲಭ. ಮಡಿಯಿಂದ ಮೆಣಸಿನ ಸಸಿ ಕಿತ್ತು ಹೊಲದಲ್ಲಿ ಅಂತರ ಬಿಟ್ಟು ನಾಟಿ ಮಾಡಿದಂತೆ. ಪೆನ್ನಿನಂಥ ಉಪಕರಣದ ತುದಿಗೆ ದುಂಡನೆಯ ಅಲಗು. 1ರಿಂದ 1.5 ಮಿ.ಮೀ. ಅಗಲದ ಚರ್ಮದ ಬೊಟ್ಟುಗಳನ್ನು ತೊಡೆ ಅಥವಾ ಕುಂಡೆಯಿಂದ ತೆಗೆದು, ಕಲೆಯಲ್ಲಿ 5ರಿಂದ 10 ಮಿ.ಮೀ. ಅಂತರಕ್ಕೆ ತೂತು ಮಾಡಿ ಕೂಡಿಸುತ್ತಾರೆ. ಪ್ರತಿ ಬೊಟ್ಟಿನಿಂದ ಸುತ್ತಲೂ ಬಣ್ಣ ಹರಡಿ ಒಂದಕ್ಕೊಂದು ಕೂಡಬೇಕು.

ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಸರಳ, ಸಣ್ಣ ಊರಿನ ಡಾಕ್ಟರರೂ ಮಾಡಬಲ್ಲರು. ಉಳಿದವು ಸರಿಯಾಗಿ ಹಿಡಿಯದ ಅಂಗೈ ಅಂಗಾಲಿನ ದಪ್ಪ ಚರ್ಮದಲ್ಲೂ ಇದಕ್ಕೆ ಒಂದಿಷ್ಟು ನೆಲೆ ಸಿಗುತ್ತದೆ. ಆದರೆ ಮುಖಕ್ಕೆ ಇದನ್ನು ಹೇಳಲು ನನಗೆ ಮನಸ್ಸಿಲ್ಲ. ನೆಟ್ಟ ಬೊಟ್ಟುಗಳು ಸುತ್ತಲಿನ ಚರ್ಮಕ್ಕಿಂತ ಎತ್ತರ ಉಳಿದು, ಕಲ್ಲು ಹಾಸಿದ ನೆಲದಂತೆ ಉಬ್ಬುಬ್ಬಾಗಿ ಕಾಣುವುದುಂಟು. ತೂತಿಗಿಂತ ಬೊಟ್ಟು ತುಸು ದೊಡ್ಡದಿರಬೇಕು, ಯಾಕೆಂದರೆ ತೆಗೆದ ಬೊಟ್ಟು ಮುದುರಿ ಸಣ್ಣದಾಗುತ್ತದೆ. ಈ ಲೆಕ್ಕ ತಪ್ಪಿದರೆ, ಆಳ ತಪ್ಪಿದರೆ ಉಬ್ಬು ಗ್ಯಾರಂಟಿ. ಕೆಲವೊಮ್ಮೆ ಬಣ್ಣ ಹರಡದೆ ಚುಕ್ಕಿ ಚುಕ್ಕಿಯಾಗಿಯೇ ನಿಲ್ಲುತ್ತದೆ. ಗಾಯದ ಮೇಲೆ ಗಂಟು ಚರ್ಮ ಬೆಳೆಯುವ ಗುಣದವರಿಗೆ, ಅಂದರೆ ಕಿವಿ ಚುಚ್ಚಿದ ಕಡೆ ಗಡ್ಡೆ ಎದ್ದವರಿಗೆ, ಪಂಚ್ ಬೇಡವೇ ಬೇಡ.

ಕುತ್ತಿಗೆ, ಬೆನ್ನು, ತೊಡೆಯ ಅಗಲ ಕಲೆ: ಕೋಶ ದ್ರಾವಣ

ಅಗಲವಾದ ಕಲೆಗೆ ಎರಡು ದಾರಿ. ಹಳೆಯದು ತೆಳು ಚರ್ಮದ ಕಸಿ. ದೆಹಲಿಯ ಪಿ. ಎನ್. ಬೆಹ್ಲ್ 1964ರಲ್ಲೇ ಇದನ್ನು ತೊನ್ನಿಗೆ ಬಳಸಿದ ವರದಿ ಕೊಟ್ಟಿದ್ದರು. ತೊಡೆಯಿಂದ ಕಾಗದದಷ್ಟು ತೆಳುವಾಗಿ ಹೆರೆದ ಚರ್ಮವನ್ನು ಕೆರೆದ ಕಲೆಯ ಮೇಲೆ ಹಾಸುವುದು. ಬಣ್ಣ ಬೇಗ ಬರುತ್ತದೆ, ದಟ್ಟವಾಗಿ ಬರುತ್ತದೆ. ಕೈ ಪಳಗಿರದಿದ್ದರೆ ಮಾತ್ರ ಕೌದಿಗೆ ಹಚ್ಚಿದ ತುಂಡಿನ ಹಾಗೆ ಅಂಚು ದಪ್ಪಗೆ ಎದ್ದು ಕಾಣುತ್ತದೆ. ಎಷ್ಟು ಕಲೆಯೋ ಅಷ್ಟೇ ಚರ್ಮ ಬೇಕು, ತೊಡೆಯ ಮೇಲೆ ಗುರುತೂ ಉಳಿಯಬಹುದು. ಬಟ್ಟೆಯೊಳಗೆ ಇರುವ ಜಾಗಕ್ಕೆ, ಪಳಗಿದ ಕೈ ಸಿಕ್ಕರೆ, ಅಡ್ಡಿಯಿಲ್ಲ.

ಇನ್ನೊಂದು ಕೋಶ ದ್ರಾವಣ. ಇದಕ್ಕೇ ಎನ್‌ಸಿಇಎಸ್, ಎಂಕೆಟಿಪಿ, ಮೆಲನೋಸೈಟ್ ಟ್ರಾನ್ಸ್‌ಪ್ಲಾಂಟ್ ಎಂದು ಹೆಸರು ಹೆಸರು. ಮೂರೂ ಬೇರೆ ಬೇರೆ ಆಪರೇಶನ್ ಎಂದುಕೊಂಡು ಮೂರು ಕಡೆ ರೇಟು ಕೇಳಿ ಬಂದವರಿದ್ದಾರೆ. ಸ್ಟೆಮ್ ಸೆಲ್ ಎಂದು ಬೋರ್ಡು ಬರೆದದ್ದೂ ಕೆಲವೊಮ್ಮೆ ಒಳಗೆ ನೋಡಿದರೆ ಇದೇ. ಫ್ರಾನ್ಸಿನ ಗೋತಿಯೇ ಮತ್ತು ಸಂಗಡಿಗರು 1992ರಲ್ಲಿ ಇದರ ಮೊದಲ ರೂಪ ಕೊಟ್ಟರು, ಸ್ವೀಡನ್ನಿನ ಓಲ್ಸನ್ ಮತ್ತು ಯೂಲಿನ್ 1998ರಲ್ಲಿ ಅದನ್ನು ತಿದ್ದಿದರು. ಈಗ ಭಾರತದಲ್ಲಿ ಮಾಡುವುದು ಆ ತಿದ್ದಿದ ರೂಪವನ್ನು ಇನ್ನೂ ಸರಳ ಮಾಡಿಕೊಂಡದ್ದು.

ಹಾಲಿಗೆ ಹೆಪ್ಪು ಹಾಕುವುದು ಗೊತ್ತಿದ್ದವರಿಗೆ ಇದು ಗೊತ್ತಾಗುತ್ತದೆ. ಕಲೆಯ ಐದರಲ್ಲಿ ಒಂದರಿಂದ ಹತ್ತರಲ್ಲಿ ಒಂದು ಪಾಲಿನಷ್ಟು ಚರ್ಮ ಸಾಕು. 100 ಚ.ಸೆಂ.ಮೀ. ಕಲೆಗೆ 10ರಿಂದ 20 ಚ.ಸೆಂ.ಮೀ. ಬೆಳಿಗ್ಗೆ ತೊಡೆಯಿಂದ ಹೆರೆದ ಆ ತೆಳು ಚರ್ಮವನ್ನು ಟ್ರಿಪ್ಸಿನ್ ಎಂಬ ಕಿಣ್ವದಲ್ಲಿ ಮುಳುಗಿಸಿ, ಮೈಬಿಸಿಯಷ್ಟು, ಅಂದರೆ 37 ಡಿಗ್ರಿ ಶಾಖದಲ್ಲಿ ಮುಕ್ಕಾಲು ತಾಸಿನ ಆಸುಪಾಸು ಇಡುತ್ತೇವೆ. ಕಿಣ್ವ ಕೋಶ ಕೋಶಗಳ ನಡುವಿನ ಅಂಟನ್ನು ಬಿಡಿಸುತ್ತದೆ. ಆಮೇಲೆ ಚಿಮಟದಿಂದ ಎಳೆದರೆ ಮೇಲುಪದರ ಸಲೀಸಾಗಿ ಬೇರೆಯಾಗುತ್ತದೆ. ಅದನ್ನು ಸಣ್ಣಗೆ ಹರಿದು, ತೊಳೆದು, ಟ್ಯೂಬಿನಲ್ಲಿ ಹಾಕಿ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ತಳದಲ್ಲಿ ಕಂದು ಬಣ್ಣದ ಒಂದು ಚಿಟಿಕೆ ಕೂರುತ್ತದೆ. ಮೊದಲ ಸಲ ಅದನ್ನು ಬೆಳಕಿಗೆ ಹಿಡಿದು ನೋಡಿದಾಗ ನನಗೆ ನಂಬಿಕೆ ಬಂದಿರಲಿಲ್ಲ. ಒಬ್ಬ ಮನುಷ್ಯನ ಬೆನ್ನಿಗೆ ಸಾಲುವ ಬಣ್ಣ, ರಾಗಿ ಕಾಳಿನಷ್ಟು. ಅದನ್ನು ಸ್ವಲ್ಪ ದ್ರವದಲ್ಲಿ ಕಲಕಿ, ಕೆರೆದ ಕಲೆಯ ಮೇಲೆ ಹನಿ ಹನಿಯಾಗಿ ಬಿಟ್ಟು, ಕೊಲಾಜನ್ ಹಾಳೆ ಹೊದಿಸಿ ಪಟ್ಟಿ ಕಟ್ಟುತ್ತಾರೆ. ಎಲ್ಲ ಒಂದೇ ದಿನದಲ್ಲಿ.

ಅರ್ಧ ತಾಸಾದರೂ ಅಲ್ಲಾಡದೆ ಮಲಗಬೇಕು, ಇಲ್ಲದಿದ್ದರೆ ದ್ರಾವಣ ಕಲೆಯ ಮೇಲೆ ಉಳಿಯದೆ ಹರಿದುಹೋಗುತ್ತದೆ. ವಾರದವರೆಗೆ ಪಟ್ಟಿ ಬಿಚ್ಚುವಂತಿಲ್ಲ. ಬಿಚ್ಚಿದಾಗ ಗುಲಾಬಿ ಬಣ್ಣದ ಚರ್ಮವಷ್ಟೇ ಕಾಣುತ್ತದೆ, ಬಣ್ಣ ಇರುವುದಿಲ್ಲ. ಮೂರ್ನಾಲ್ಕು ವಾರಕ್ಕೆ ಶುರುವಾಗಿ ಆರು ತಿಂಗಳವರೆಗೆ ತುಂಬುತ್ತಾ ಹೋಗುತ್ತದೆ. ಮೊದಮೊದಲು ಅಕ್ಕಪಕ್ಕಕ್ಕಿಂತ ಕಪ್ಪಗೆ ಕಂಡು ಆಮೇಲೆ ಹದಕ್ಕೆ ಬರುವುದೂ ಉಂಟು.

ಚಂಡೀಗಢದ ಪಿಜಿಐ ಆಸ್ಪತ್ರೆಯ ವೈದ್ಯರು ಗುಳ್ಳೆ ಕಸಿಯನ್ನೂ ಇದನ್ನೂ ಎದುರುಬದುರು ಇಟ್ಟು ಮಾಡಿದ ಹೋಲಿಕೆ 2012ರಲ್ಲಿ ಪ್ರಕಟವಾಯಿತು. ಮುಕ್ಕಾಲು ಪಾಲಿಗಿಂತ ಹೆಚ್ಚು ಬಣ್ಣ ಬಂದದ್ದು ಎರಡರಲ್ಲೂ ಹೆಚ್ಚುಕಡಿಮೆ ಸಮ. ಹೆಚ್ಚುಕಡಿಮೆ ಪೂರ್ತಿ ತುಂಬಿದ ಕಲೆಗಳು ಮಾತ್ರ ದ್ರಾವಣದ ಕಡೆ ಜಾಸ್ತಿ. ನಾನು ಕಂಡದ್ದೂ ಹಾಗೇ, ಕುತ್ತಿಗೆ ಬೆನ್ನಿನ ಮಟ್ಟಿಗೆ. ಸಣ್ಣ ಕಲೆಗೆ ಇಷ್ಟೆಲ್ಲ ಖಟಪಟಿ ಬೇಡ ಎಂಬುದು ನನ್ನ ಲೆಕ್ಕ. ಕಿಣ್ವ, ಇನ್‌ಕ್ಯುಬೇಟರ್, ಸೆಂಟ್ರಿಫ್ಯೂಜು, ಪಳಗಿದ ಇನ್ನೊಂದು ಜೊತೆ ಕೈ, ಎಲ್ಲದರ ಖರ್ಚು ಬಿಲ್ಲಿಗೆ ಬರುತ್ತದೆ. ಇದೇ ತತ್ವದ ಸಿದ್ಧ ಕಿಟ್ ಒಂದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರ ಜೂನ್‌ನಲ್ಲಿ ನಿಂತ ತೊನ್ನಿಗಾಗಿ ಒಪ್ಪಿಗೆ ಕೊಟ್ಟಿತು. ಅದರಲ್ಲಿ ದ್ರಾವಣವನ್ನು ಸಿಂಪಡಿಸುತ್ತಾರೆ. ಸಿಂಪಡಿಸಿದರೂ ಹನಿಸಿದರೂ ಒಳಗಿನ ಕೋಶ ನಿಮ್ಮದೇ.

ಮಾಡುವವರು ಯಾರು ಎಂಬುದು ಇಲ್ಲಿ ಉಳಿದವಕ್ಕಿಂತ ಹೆಚ್ಚು ಮುಖ್ಯ. ಕೋಶಗಳನ್ನು ಲ್ಯಾಬಿನಲ್ಲಿ ವಾರಗಟ್ಟಲೆ ಬೆಳೆಸಿ ಹಾಕುವ ವಿಧಾನವೂ ಇದೆ. ದುಬಾರಿ, ಮಾಡುವ ಕಡೆಗಳೂ ಕಡಿಮೆ.

ಹುಬ್ಬು, ಗಡ್ಡ, ಮೀಸೆ

ಕೂದಲೂ ಬೆಳ್ಳಗಾದ ಕಡೆ ಕೂದಲನ್ನೇ ನೆಡುವುದು ವಾಸಿ. ತಲೆಯ ಹಿಂಭಾಗದಿಂದ ಒಂದೊಂದೇ ಕೂದಲನ್ನು ಬುಡ ಸಮೇತ ತೆಗೆದು ಹುಬ್ಬಿನಲ್ಲಿ ನೆಟ್ಟರೆ ಬುಡದ ಕೋಶಗಳಿಂದ ಚರ್ಮಕ್ಕೆ ಬಣ್ಣ ಇಳಿಯುತ್ತದೆ, ಹೊಸ ಕೂದಲೂ ಕಪ್ಪಗೆ ಬರುತ್ತದೆ. ಕೆಲಸ ನಿಧಾನ. ನೆಟ್ಟದ್ದು ತಲೆಗೂದಲಾದ್ದರಿಂದ ಹುಬ್ಬಿನಲ್ಲಿ ಅದನ್ನು ಆಗಾಗ ಕತ್ತರಿಸಬೇಕು. ಆ ಕೂದಲ ಬುಡಗಳಿಂದಲೇ ಕೋಶ ದ್ರಾವಣ ಮಾಡುವ ರೀತಿಯನ್ನು ದೆಹಲಿಯ ಏಮ್ಸ್ ವೈದ್ಯರು 2011ರಲ್ಲಿ ವರದಿ ಮಾಡಿದ್ದರು.

ಬೆರಳ ತುದಿ, ಗೆಣ್ಣು, ಮೊಣಕೈ

ಇಲ್ಲಿ ಸುಳ್ಳು ಭರವಸೆ ಕೊಡಲಾರೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದ ಒಬ್ಬ ಹೆಣ್ಣುಮಗಳು ಬಂದಿದ್ದರು, ಹತ್ತೂ ಬೆರಳಿನ ತುದಿ ಬಿಳುಪು. ಉಗುರಿನ ಸಂದಿಯಲ್ಲಿ ಕಾಯಿಯ ಕೆಂಪು ಹಾಗೇ ಕೂತಿತ್ತು. ಬೆರಳ ತುದಿಗೆ ಯಾವ ವಿಧಾನವೂ ಮನಸಾರೆ ಒಲಿಯುವುದಿಲ್ಲ. ದಿನವಿಡೀ ತಿಕ್ಕಾಡುವ ಬೆರಳಿಗಂತೂ ಬಂದ ಬಣ್ಣ ನಿಲ್ಲುವುದೇ ಕಷ್ಟ. ಡಾಕ್ಟರರು ಎಲ್ಲವನ್ನೂ ಬಿಡಿಸಿ ಹೇಳಿದರು. ಆಕೆ ನನ್ನ ಕಡೆ ತಿರುಗಿ, "ನಿಮ್ಮ ಮನಿಯಾಕಿ ಇದ್ರ ಏನ್ ಹೇಳ್ತಿದ್ರಿ ಅಕ್ಕಾರ?" ಅಂದರು. "ಬ್ಯಾಡ ಅಂತಿದ್ದೆ" ಅಂದೆ. "ಹಂಗಾರ ಬ್ಯಾಡ ಬಿಡ್ರಿ" ಎಂದು ಸೆರಗು ಸರಿಮಾಡಿಕೊಂಡು ಎದ್ದರು. ಆ ದಿನದ ಕೂಲಿ ಬಿಟ್ಟು ಬಂದಿದ್ದರು.

ಗೆಣ್ಣು, ಮೊಣಕೈ, ಮೊಣಕಾಲಿಗೆ ಮಾಡಿಸುವುದಾದರೆ ಕೀಲು ಮಡಚದಂತೆ ಪಟ್ಟಿಯಿಂದ ಕಟ್ಟಿಡಬೇಕು. ಮಡಚಿದ ಪ್ರತಿ ಸಲ ಕಸಿ ಜಾರುತ್ತದೆ. ಹಚ್ಚೆ ಹಾಕಿ ಬಣ್ಣ ತುಂಬುವವರೂ ಇದ್ದಾರೆ. ಅದು ಕಸಿಯಲ್ಲ, ಬಣ್ಣ ಕಾಲಕ್ಕೆ ಮಾಸುತ್ತದೆ, ನೀಲಿಗೂ ತಿರುಗುತ್ತದೆ.

ಯಾವಾಗ, ಎಲ್ಲಿ, ಎಷ್ಟಕ್ಕೆ

ಕಸಿಯಾದ ಮೇಲಿನ ತಿಂಗಳುಗಳನ್ನು ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಾಯ ಮಾಯ್ದ ಎರಡು ಮೂರು ವಾರಕ್ಕೆ ಸಾಮಾನ್ಯವಾಗಿ ಎನ್‌ಬಿ-ಯುವಿಬಿ ಎಂಬ ಅತಿನೇರಳೆ ಬೆಳಕಿನ ಚಿಕಿತ್ಸೆ ಶುರು, ವಾರಕ್ಕೆ ಎರಡು ಮೂರು ಸಲ. ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿ.ಮೀ. ವಾರಕ್ಕೆ ಮೂರು ಸಲ ಬಸ್ಸು, ಮೂರು ದಿನದ ಪಗಾರ. ಕಸಿ ಎಲ್ಲಿ ಮಾಡಿಸಿದರೂ ಬೆಳಕು ಮನೆಗೆ ಹತ್ತಿರ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿ-ಆರ್‌ಐ), ಧಾರವಾಡ ಸತ್ತೂರಿನ ಎಸ್‌ಡಿಎಂ, ಗದಗ ಮತ್ತು ಹಾವೇರಿಯ ವೈದ್ಯಕೀಯ ಕಾಲೇಜುಗಳ ಚರ್ಮರೋಗ ವಿಭಾಗದಲ್ಲಿ ಚೀಟಿ ಮಾಡಿಸಿ, ಯಾವ ಕಸಿ ಮಾಡುತ್ತೀರಿ, ಬೆಳಕಿನ ಯಂತ್ರ ಇದೆಯೇ ಎಂದು ನೇರ ಕೇಳಿ. ಬಾವಂಚಿ ಎಣ್ಣೆ ಹಚ್ಚಿ ಬಿಸಿಲಿಗೆ ಕೂತರೂ ನಡೆಯುತ್ತದೆ ಎನ್ನುವವರ ಮಾತು ಬೇಡ. ಬಾವಂಚಿಯಲ್ಲಿ ಬಿಸಿಲಿಗೆ ಚರ್ಮ ಹೆಚ್ಚು ಸ್ಪಂದಿಸುವಂತೆ ಮಾಡುವ ಸೋರಲೆನ್ ಇದೆ ನಿಜ, ಅಳತೆ ತಪ್ಪಿದರೆ ಹೊಸ ಚರ್ಮ ಬೊಬ್ಬೆ ಎದ್ದು ಸುಡುತ್ತದೆ.

ಕಾಲದ ಮಾತಿಗೆ ಬಂದರೆ, ಏಪ್ರಿಲ್ ಮೇ ತಿಂಗಳ ಬಿಸಿಲಿಗೆ ಪಟ್ಟಿಯೊಳಗೆ ಬೆವರಿ ಕಸಿ ಸಡಿಲಾಗುತ್ತದೆ. ಮಳೆಗಾಲದಲ್ಲಿ ಹೊಲಕ್ಕೆ ಇಳಿಯದೆ ಇರಲಾಗದು. ಚಳಿಗಾಲ ಹಿತ. ಮೆಣಸಿನಕಾಯಿ ಬಿಡಿಸುವವರಿಗೆ ಅದೇ ಸುಗ್ಗಿ ಎಂಬುದು ಬೇರೆ ಮಾತು. ಮದುವೆ ಗೊತ್ತಾದ ಮೇಲೆ, ಎರಡು ತಿಂಗಳಿದೆ ಎಂದು ಓಡಿ ಬರುವವರಿಗೆ ಒಂದೇ ಮಾತು: ಎರಡು ತಿಂಗಳಿಗೆ ಏನೂ ಆಗುವುದಿಲ್ಲ, ಅರೆಬರೆ ಬಣ್ಣದಲ್ಲಿ ತಾಳಿ ಕಟ್ಟಿಸಿಕೊಳ್ಳುತ್ತೀರಿ.

ಮೊದಲ ಭೇಟಿಗೆ ಹಳೆಯ ಚೀಟಿಗಳು, ಫೋಟೋಗಳು, ಈಗ ನುಂಗುವ ಮಾತ್ರೆಗಳ ಪಟ್ಟಿ ತನ್ನಿ, ರಕ್ತ ತೆಳುವಾಗಿಸುವ ಮಾತ್ರೆಯಿದ್ದರೆ ಅದನ್ನು ತಪ್ಪದೆ ಹೇಳಿ. ಸಕ್ಕರೆ ಕಾಯಿಲೆ ಇದ್ದರೆ ಹೇಳಿ. ಪಟ್ಟಿ ಬಿಚ್ಚುವುದು, ಬೆಳಕಿನ ಚಿಕಿತ್ಸೆ, ಎರಡನೇ ಸಲ ಬೇಕಾದರೆ ಅದು, ಎಲ್ಲ ಸೇರಿ ಎಷ್ಟು ಎಂದು ಬರೆಸಿಕೊಳ್ಳಿ. ಆಮೇಲೆ ಡಾಕ್ಟರರಿಗೆ ಇಷ್ಟು ಕೇಳಿ: ನನ್ನ ಕಲೆ ಇರುವ ಇಂಥದೇ ಜಾಗಕ್ಕೆ ನೀವು ಮಾಡಿದವರ ಫೋಟೋ, ಆರು ತಿಂಗಳ ನಂತರದ್ದು, ಮುಖ ಮುಚ್ಚಿ ತೋರಿಸುತ್ತೀರಾ? ನಮ್ಮ ಡಾಕ್ಟರರು ಹಿಡಿಯದೆ ಹೋದದ್ದನ್ನೂ ತೋರಿಸುತ್ತಿದ್ದರು. ಅದನ್ನು ನೋಡಿ ಎದ್ದು ಹೋದವರಿದ್ದಾರೆ. ಹೆಚ್ಚಿನವರು ಕುರ್ಚಿ ಹತ್ತಿರ ಎಳೆದುಕೊಂಡು ಎರಡನೇ ಪ್ರಶ್ನೆ ಕೇಳುತ್ತಿದ್ದರು.